ಎಲ್ಲದಕ್ಕೂ ‘ಇಂಪಾರ್ಟೆಂಟ್’ ಬೇಡ: ಇಂಗ್ಲಿಷ್ ಪತ್ರಕ್ಕೆ ತೂಕದ ಪದ ಆರಿಸುವುದು ಹೀಗೆ

ಬೆಳಗಾವಿಯ ಉದ್ಯಮಬಾಗದ ಒಂದು ಮಷೀನ್ ಶಾಪ್‌ನಿಂದ ಪುಣೆಯ ಸಪ್ಲೈಯರ್‌ಗೆ ಇಂಥದ್ದೊಂದು ಮೇಲ್ ಹೋಯಿತು ಅಂದುಕೊಳ್ಳಿ: ‘ದಿ ಬೇರಿಂಗ್ಸ್ ಆರ್ ವೆರಿ ಇಂಪಾರ್ಟೆಂಟ್. ದಿ ಆಯಿಲ್ ಸೀಲ್ಸ್ ಆರ್ ಆಲ್ಸೊ ವೆರಿ ಇಂಪಾರ್ಟೆಂಟ್. ದಿ ಪೇಂಟ್ ಈಸ್ ಇಂಪಾರ್ಟೆಂಟ್. ಪ್ಲೀಸ್ ಟ್ರೀಟ್ ಆಲ್ ಆ್ಯಸ್ ಮೋಸ್ಟ್ ಅರ್ಜೆಂಟ್.’ ವ್ಯಾಕರಣದಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೆ ಅಲ್ಲಿ ಓದುವವನಿಗೆ ಯಾವುದನ್ನು ಮೊದಲು ಕಳಿಸಬೇಕು ಅಂತ ಗೊತ್ತಾಗುವುದಿಲ್ಲ. ಕೈಗೆ ಸಿಕ್ಕಿದ್ದನ್ನು, ಅಂದರೆ ಪೇಂಟ್ ಡಬ್ಬಿಯನ್ನೇ, ಮೊದಲು ಕಳಿಸಿಬಿಡುತ್ತಾನೆ.

ನಮ್ಮ ಕಡೆ ‘ಭಾಳ ಅರ್ಜೆಂಟ್ ಐತ್ರಿ’ ಅಂದರೆ ಸಾಕು. ಮುಖ ನೋಡಿ, ದನಿ ಕೇಳಿ ಎದುರಿನವರು ಅಂದಾಜು ಮಾಡಿಕೊಳ್ಳುತ್ತಾರೆ. ಪತ್ರದಲ್ಲಿ ಮುಖವೂ ಇಲ್ಲ, ದನಿಯೂ ಇಲ್ಲ. ಅಲ್ಲಿ ಪದವೇ ಎಲ್ಲ ಹೇಳಬೇಕು.

ಮೊದಲ ಹೆಜ್ಜೆ: ‘ಇಲ್ಲದಿದ್ದರೆ ಏನಾಗುತ್ತದೆ?’

ಡಿಕ್ಷನರಿ ಆಮೇಲೆ ತೆಗೆಯಿರಿ. ಮೊದಲು ಕನ್ನಡದಲ್ಲೇ ಕೇಳಿಕೊಳ್ಳಿ: ಇದು ಇಲ್ಲದಿದ್ದರೆ ಏನಾಗುತ್ತದೆ? ಕೆಲಸ ನಿಲ್ಲುತ್ತದೆಯೋ, ನಾಲ್ಕು ದಿನ ಹೇಗೋ ನಡೆಯುತ್ತದೆಯೋ, ದಂಡ ಬೀಳುತ್ತದೆಯೋ, ಅಥವಾ ಏನೂ ಆಗುವುದಿಲ್ಲವೋ? ಉತ್ತರವನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಪದ ಸಿಗುವುದು ಆ ಉತ್ತರದಿಂದ.

ಕಾರ್ಖಾನೆಗಳ ಸ್ಟೋರ್ಸ್ ವಿಭಾಗದವರಿಗೆ ಈ ಲೆಕ್ಕ ಹೊಸದಲ್ಲ. ಬಿಡಿಭಾಗಗಳನ್ನು ವಿ, ಇ, ಡಿ ಅಂತ ಮೂರು ಗುಂಪು ಮಾಡುವ ಪದ್ಧತಿ ಇದೆ: ವೈಟಲ್, ಎಸೆನ್ಷಿಯಲ್, ಡಿಸೈರಬಲ್. ಆಸ್ಪತ್ರೆಯ ಔಷಧಿ ಸ್ಟೋರ್‌ನಲ್ಲೂ ಇದನ್ನೇ ಬಳಸುತ್ತಾರೆ. ಬಾಗಲಕೋಟೆ ಜಿಲ್ಲೆಯ ಯಾವುದಾದರೂ ಸಕ್ಕರೆ ಕಾರ್ಖಾನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಂಗಾಮಿನಲ್ಲಿ ಹಗಲು ರಾತ್ರಿ ಕಬ್ಬು ನುರಿಸುತ್ತಿರುತ್ತಾರೆ. ಗಾಣದ ಬೇರಿಂಗ್ ಹೋದರೆ ಗಾಣ ನಿಂತೇ ಹೋಯಿತು. ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ, ಕಡಿದ ಕಬ್ಬು ಒಣಗಿ ತೂಕ ಇಳಿಯುತ್ತದೆ. ಅಂಥ ಬೇರಿಂಗ್ ವೈಟಲ್. ಪಂಪಿನ ಸೀಲ್ ಸೋರಿದರೆ ಇನ್ನೊಂದು ಪಂಪು ಹಚ್ಚಿ ಒಂದೆರಡು ದಿನ ದೂಡಬಹುದು, ಜಾಸ್ತಿ ದಿನ ಆಗದು. ಅದು ಎಸೆನ್ಷಿಯಲ್. ರೇಲಿಂಗ್‌ಗೆ ಹೊಸ ಬಣ್ಣ? ಡಿಸೈರಬಲ್, ಅಷ್ಟೇ.

ಮೇಲಿನ ಮೇಲ್ ಅನ್ನು ಈಗ ತಿದ್ದಬಹುದು: ‘ದಿ ಬೇರಿಂಗ್ಸ್ ಆರ್ ವೈಟಲ್. ವಿದೌಟ್ ದೆಮ್ ದಿ ಮಷೀನ್ ಸ್ಟಾಪ್ಸ್. ವಿ ನೀಡ್ ದಿ ಸೀಲ್ಸ್ ಬೈ ಫ್ರೈಡೇ. ದಿ ಪೇಂಟ್ ಕ್ಯಾನ್ ವೇಟ್.’ ನಾಲ್ಕು ವಾಕ್ಯ, ದೊಡ್ಡ ಪದ ಒಂದೇ ಒಂದು.

ಎರಡನೇ ಹೆಜ್ಜೆ: ಅಕ್ಕಪಕ್ಕದ ಪದಗಳನ್ನು ಬೇರೆ ಮಾಡಿ

ಇಂಪಾರ್ಟೆಂಟ್ ಕೆಟ್ಟ ಪದವಲ್ಲ. ಆದರೆ ಅದು ಬೆಲೆ ಇದೆ ಅಂತ ಹೇಳುತ್ತದೆಯೇ ಹೊರತು ಬೇಕೇ ಬೇಕು ಅಂತ ಹೇಳುವುದಿಲ್ಲ. ಇಂಪಾರ್ಟೆಂಟ್ ಅತಿಥಿ ಬರದಿದ್ದರೂ ಮದುವೆ ನಡೆಯುತ್ತದೆ, ಅಲ್ವಾ?

ಸ್ಟೋರ್ಸ್ ಲೆಕ್ಕದಲ್ಲಿ ಎಸೆನ್ಷಿಯಲ್ ವೈಟಲ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಆದರೆ ಸಾಮಾನ್ಯ ಇಂಗ್ಲಿಷಿನಲ್ಲಿ ಎಸೆನ್ಷಿಯಲ್ ಅಂದರೆ ಅದಿಲ್ಲದೆ ಆಗುವುದೇ ಇಲ್ಲ. ಯುಪಿಎಸ್‌ಸಿ ನೇಮಕಾತಿ ಜಾಹೀರಾತುಗಳಲ್ಲಿ ಎಸೆನ್ಷಿಯಲ್ ಕ್ವಾಲಿಫಿಕೇಷನ್, ಡಿಸೈರಬಲ್ ಕ್ವಾಲಿಫಿಕೇಷನ್ ಅಂತ ಬೇರೆ ಬೇರೆ ಕಾಣುತ್ತೀರಿ. ಮೊದಲನೆಯದು ಇಲ್ಲದಿದ್ದರೆ ಅರ್ಜಿ ಹಾಕಿಯೂ ಉಪಯೋಗವಿಲ್ಲ. ಎರಡನೆಯದು ಇಲ್ಲ ಅಂತ ಅರ್ಜಿ ಹಾಕದೆ ಬಿಡುವುದು ದಡ್ಡತನ. ವಿಜಯಪುರದ ಕೋಚಿಂಗ್ ಹುಡುಗ ಹುಡುಗಿಯರು ಇದನ್ನು ಗೋಡೆಗೆ ಬರೆದು ಅಂಟಿಸಿಕೊಂಡರೂ ತಪ್ಪಲ್ಲ.

ನೆಸೆಸರಿ ಬರೆದಾಗಲೆಲ್ಲ ‘ಯಾವುದಕ್ಕೆ?’ ಅಂತ ಕೇಳಿ. ‘ಎ ಡ್ರಾಯಿಂಗ್ ಈಸ್ ನೆಸೆಸರಿ’ ಅಂದರೆ ಅರ್ಧ ಮಾತು. ‘ಎ ಡ್ರಾಯಿಂಗ್ ಈಸ್ ನೆಸೆಸರಿ ಟು ಫಿಕ್ಸ್ ದಿ ಪ್ರೈಸ್’ ಅಂದರೆ ಪೂರ್ತಿ.

ಕ್ರೂಷಿಯಲ್ ಪದವನ್ನು ಈಗ ಎಲ್ಲರೂ ಎಲ್ಲಿ ಬೇಕಲ್ಲಿ ಎಸೆಯುತ್ತಾರೆ. ಅದರ ಮೂಲ ಲ್ಯಾಟಿನ್ನಿನ ಕ್ರುಕ್ಸ್, ಅಂದರೆ ಶಿಲುಬೆ. ದಾರಿ ಕವಲೊಡೆಯುವಲ್ಲಿ ನಿಲ್ಲಿಸುವ ಕೈಮರವೂ ಅದೇ ಆಕಾರದ್ದು. ಮುಂದೆ ಆ ಕಡೆಯೋ ಈ ಕಡೆಯೋ ಅಂತ ತೀರ್ಮಾನ ಆಗುವ ಘಳಿಗೆಗೆ ಮಾತ್ರ ಈ ಪದ ಇಟ್ಟುಕೊಳ್ಳಿ. ತೊಗರಿ ಹೂ ಬಿಡುವಾಗ ಭೂಮಿಯಲ್ಲಿ ಹಸಿ ಇದ್ದರೆ ಕಾಯಿ ಕಟ್ಟುತ್ತದೆ, ಇಲ್ಲದಿದ್ದರೆ ಹೂ ಉದುರುತ್ತದೆ. ಆ ಹೊತ್ತಿನ ಮಳೆ ಕ್ರೂಷಿಯಲ್. ವರ್ಷದ ಎಲ್ಲ ಮಳೆಯೂ ಅಲ್ಲ.

ಕ್ರಿಟಿಕಲ್ ಬಳಸುವಾಗ ಸ್ವಲ್ಪ ಹುಷಾರು. ಆಸ್ಪತ್ರೆಯಲ್ಲಿ ‘ಕ್ರಿಟಿಕಲ್’ ಅಂದರೆ ಜೀವಕ್ಕೆ ಅಪಾಯ. ‘ಹಿ ಈಸ್ ಕ್ರಿಟಿಕಲ್ ಆಫ್ ದಿ ಪ್ಲಾನ್’ ಅಂದರೆ ಅವರಿಗೆ ಆ ಯೋಜನೆ ಸರಿ ಕಂಡಿಲ್ಲ, ಟೀಕಿಸುತ್ತಿದ್ದಾರೆ. ‘ಹಿ ಈಸ್ ಕ್ರಿಟಿಕಲ್ ಟು ದಿ ಪ್ಲಾನ್’ ಅಂದರೆ ಅವರಿಲ್ಲದೆ ಯೋಜನೆ ನಡೆಯದು. ಆಫ್ ಬದಲು ಟು ಬಂದರೆ ಅರ್ಥವೇ ತಿರುಗುತ್ತದೆ.

ಮೂರನೇ ಹೆಜ್ಜೆ: ಬೇಕು ಅಂದವರು ಯಾರು?

ಕೆಲಸವೇ ಕೇಳುವುದು ಒಂದು, ನಿಯಮ ಕೇಳುವುದು ಇನ್ನೊಂದು. ನಿಯಮ ಕೇಳಿದರೆ ಮ್ಯಾಂಡೇಟರಿ, ಕಂಪಲ್ಸರಿ. ಬೈಕ್ ಹೆಲ್ಮೆಟ್ ಇಲ್ಲದೆಯೂ ಓಡುತ್ತದೆ. ಆದರೂ 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಅದನ್ನು ಹಾಕಲೇಬೇಕು, ಆದ್ದರಿಂದ ಮ್ಯಾಂಡೇಟರಿ. ಪೆಟ್ರೋಲ್ ಹಾಕಿ ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲ, ಅದು ಬರೀ ನೆಸೆಸರಿ. ಪರೀಕ್ಷೆ, ಪಠ್ಯದ ವಿಷಯದಲ್ಲಿ ಕಂಪಲ್ಸರಿ ರೂಢಿಯಲ್ಲಿದೆ. ಆನ್‌ಲೈನ್ ಫಾರಂನ ಕೆಂಪು ನಕ್ಷತ್ರದ ಎದುರು ಮ್ಯಾಂಡೇಟರಿ.

ನಿಯಮ ಮಾಡುವ ಅಧಿಕಾರ ನಿಮಗಿಲ್ಲದ ಕಡೆ ಈ ಪದ ಬೇಡ. ‘ಇಟ್ ಈಸ್ ಮ್ಯಾಂಡೇಟರಿ ಟು ಸ್ಯಾಂಕ್ಷನ್ ಮೈ ಲೀವ್’ ಅಂತ ಮ್ಯಾನೇಜರ್ ಸಾಹೇಬರಿಗೆ ಬರೆದರೆ ರಜೆ ಸಿಗುವುದು ಕಷ್ಟ. ಇಂಪರೇಟಿವ್, ಆಬ್ಲಿಗೇಟರಿ ಕೂಡ ಇದೇ ಸಾಲಿನವು. ದಿನದ ಪತ್ರಗಳಲ್ಲಿ ಅವುಗಳ ಗೊಡವೆಗೆ ಹೋಗಬೇಡಿ.

ನಿಯಮ ನಿಮ್ಮ ಕಡೆ ಇದ್ದಾಗ ಮಾತ್ರ ಸುಮ್ನೆ ಅಂಗಲಾಚಬಾರದು. ಕಬ್ಬಿನ ಬಿಲ್ ಬಾಕಿ ಇದೆ ಅನ್ನಿ. ‘ಪೇಮೆಂಟ್ ಈಸ್ ವೆರಿ ವೆರಿ ಅರ್ಜೆಂಟ್’ ಅಂತ ಬರೆಯುವ ಬದಲು 1966ರ ಕಬ್ಬು ನಿಯಂತ್ರಣ ಆದೇಶವನ್ನು ಹೆಸರಿಸಿ. ಬೇರೆ ಲಿಖಿತ ಒಪ್ಪಂದ ಇಲ್ಲದಿದ್ದರೆ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಅಂತ ಅದರಲ್ಲಿದೆ. ‘ಅಂಡರ್ ದಿ ಶುಗರ್‌ಕೇನ್ ಕಂಟ್ರೋಲ್ ಆರ್ಡರ್, ಪೇಮೆಂಟ್ ಈಸ್ ರಿಕ್ವೈರ್ಡ್ ವಿದಿನ್ ಫೋರ್ಟೀನ್ ಡೇಸ್ ಆಫ್ ಡೆಲಿವರಿ’ ಅಂತ ಬರೆದು, ಕಬ್ಬು ಇಳಿಸಿದ ತಾರೀಖು ಹಾಕಿ. ಇಲ್ಲಿ ರಿಕ್ವೈರ್ಡ್ ತಣ್ಣಗಿನ ಪದ. ಆದರೆ ಹತ್ತು ವೆರಿಗಿಂತ ಜಾಸ್ತಿ ಭಾರ ಅದಕ್ಕಿದೆ.

ನಾಲ್ಕನೇ ಹೆಜ್ಜೆ: ಮಸ್ಟ್, ಶುಡ್ ಮತ್ತು ‘ನಾಟ್’

ಮಸ್ಟ್ ಅಂದರೆ ಮಾಡಲೇಬೇಕು. ಶುಡ್ ಅಂದರೆ ಮಾಡುವುದು ಒಳ್ಳೆಯದು. ಇಂಟರ್‌ನೆಟ್‌ನ ತಾಂತ್ರಿಕ ನಿಯಮ ಬರೆಯುವವರಿಗೂ ಇದರಲ್ಲಿ ಗೊಂದಲ ಆಗಬಾರದು ಅಂತ 1997ರಲ್ಲಿ ಆರ್‌ಎಫ್‌ಸಿ 2119 ಅನ್ನುವ ಪುಟ್ಟ ದಾಖಲೆ ಬಂತು. ಅದರಲ್ಲಿ ಮಸ್ಟ್, ರಿಕ್ವೈರ್ಡ್, ಶಲ್ ಮೂರೂ ಒಂದೇ ತೂಕ. ಶುಡ್ ಅಂದರೆ ಸರಿಯಾದ ಕಾರಣವಿದ್ದರೆ ಬಿಡಬಹುದು, ಆದರೆ ಪರಿಣಾಮ ತೂಗಿ ನೋಡಿ ಬಿಡಬೇಕು. ಮೇ ಅಂದರೆ ನಿಮ್ಮಿಷ್ಟ. ವಿಟಿಯು ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವವರು ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಮೊದಲು ಆ ಎರಡು ಮೂರು ಪುಟ ಓದಿಕೊಳ್ಳುವುದು ಒಳ್ಳೆಯದು.

ನಾಟ್ ಸೇರಿದಾಗ ನಿಜವಾದ ಎಡವಟ್ಟು. ಕನ್ನಡದಲ್ಲಿ ‘ಬರಕೂಡದು’ ಬೇರೆ, ‘ಬರಬೇಕಿಲ್ಲ’ ಬೇರೆ. ಇಂಗ್ಲಿಷಿನಲ್ಲಿ ಮಸ್ಟ್, ಹ್ಯಾವ್ ಟು ಎರಡೂ ಒಂದೇ ಥರ ಕಾಣುವುದರಿಂದ ಇವೂ ಒಂದೇ ಅನ್ನಿಸುತ್ತದೆ. ‘ಯು ಮಸ್ಟ್ ನಾಟ್ ಕಮ್ ಆನ್ ಸಂಡೇ’ ಅಂದರೆ ಬರಲೇಕೂಡದು. ‘ಯು ಡೋಂಟ್ ಹ್ಯಾವ್ ಟು ಕಮ್ ಆನ್ ಸಂಡೇ’ ಅಂದರೆ ಬರಬೇಕಿಲ್ಲ, ಬಂದರೆ ಬೇಡ ಅನ್ನುವುದಿಲ್ಲ. ಭಾನುವಾರ ರಜೆ ಅಂತ ಹಿರಿಯ ಕೆಲಸಗಾರರಿಗೆ ತಿಳಿಸಲು ಹೋಗಿ ಮಸ್ಟ್ ನಾಟ್ ಬರೆದರೆ, ನನ್ನನ್ನು ಯಾಕೆ ಹೊರಗಿಟ್ಟಿರಿ ಅಂತ ಅವರು ಕೇಳುತ್ತಾರೆ. ಮಾತ್ರೆ ಚೀಟಿಯಲ್ಲಿ ಈ ತಪ್ಪಾದರೆ ಇನ್ನೂ ಕೆಟ್ಟದ್ದು.

ಕೊನೆಗೆ ಕೈ ತಿದ್ದುವುದು

ಎಸೆನ್ಷಿಯಲ್, ವೈಟಲ್, ಕ್ರೂಷಿಯಲ್‌ಗಳ ಹಿಂದೆ ವೆರಿ ಹಚ್ಚಬೇಡಿ. ಒತ್ತು ಬೇಕೇ ಬೇಕು ಅಂದರೆ ಆ್ಯಬ್ಸೊಲ್ಯೂಟ್ಲಿ ಹೊಂದುತ್ತದೆ. ‘ಇಟ್ ಈಸ್ ಎಸೆನ್ಷಿಯಲ್ ದಟ್’ ಅಂತ ಶುರು ಮಾಡಿದರೆ ಮುಂದಿನ ಕ್ರಿಯಾಪದಕ್ಕೆ ಬಾಲ ಇರುವುದಿಲ್ಲ: ‘ದಟ್ ಹಿ ಸೈನ್’, ‘ಸೈನ್ಸ್’ ಅಲ್ಲ. ಅನುಮಾನ ಬಂದರೆ ‘ಇಟ್ ಈಸ್ ಎಸೆನ್ಷಿಯಲ್ ಫಾರ್ ಹಿಮ್ ಟು ಸೈನ್’ ಅಂತ ಬರೆದು ಪಾರಾಗಿ.

ಅರ್ಜೆಂಟ್ ಸಮಯದ ಪದ. ಅದು ಬಂದಲ್ಲಿ ತಾರೀಖು ಇರಲೇಬೇಕು. ತಾರೀಖು ಹಾಕಿದ ಮೇಲೆ ಎಷ್ಟೋ ಸಲ ಅರ್ಜೆಂಟ್ ಪದವನ್ನೇ ಹೊಡೆದುಹಾಕಬಹುದು.

ಮೇಲಧಿಕಾರಿಗೆ, ಬ್ಯಾಂಕಿಗೆ, ವಯಸ್ಸಾದವರಿಗೆ ಬರೆಯುವಾಗ ಮಸ್ಟ್ ತೆಗೆದು ಕಾರಣ ಇಡಿ. ‘ಯು ಮಸ್ಟ್ ಗಿವ್ ದಿ ಸರ್ಟಿಫಿಕೇಟ್ ಟುಡೇ’ ಬದಲು: ‘ಅಡ್ಮಿಷನ್ಸ್ ಕ್ಲೋಸ್ ಆನ್ ಮಂಡೇ. ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಐ ಕುಡ್ ಹ್ಯಾವ್ ದಿ ಸರ್ಟಿಫಿಕೇಟ್ ಬೈ ಸ್ಯಾಟರ್ಡೇ.’