ನಿಮ್ಮ ಗೇಮ್ ಸರ್ವರ್‌ಗೆ ಬಾಟ್‌ಗಳು ನುಗ್ಗದಂತೆ ನೋಡಿಕೊಳ್ಳುವುದು ಹೇಗೆ

ನಾನು ಟೀಮ್ ಫೋರ್ಟ್ರೆಸ್ 2 ಆಟದ ಒಂದು ಚಿಕ್ಕ ಸರ್ವರ್ ನೋಡಿಕೊಳ್ಳುತ್ತೇನೆ. ಮುಂಬೈನಲ್ಲಿ ಬಾಡಿಗೆಗೆ ಹಿಡಿದ ಮೆಷಿನ್, 24 ಜನ ಆಡುವಷ್ಟು ಜಾಗ. ದಾವಣಗೆರೆಯ ಹಾಸ್ಟೆಲ್ ಹುಡುಗರು, ಶಿಫ್ಟ್ ಮುಗಿಸಿ ಬರುವ ಬೆಂಗಳೂರಿನವರು, ರಜೆ ಸಿಕ್ಕಾಗ ಡಬ್ಲಿನ್‌ನಿಂದ ಬರುವ ಇಬ್ಬರು ಕನ್ನಡಿಗರು, ಎಲ್ಲ ಸೇರಿ ರಾತ್ರಿ ಒಳ್ಳೆ ಗದ್ದಲ. ಅವರಿಗೆಲ್ಲ ನಾನು ಅಕ್ಕ. ಸ್ವಂತ ಸರ್ವರ್ ಇಡಬೇಕು ಅಂತಿರುವವರಿಗೆ, ಇಟ್ಟು ಬಾಟ್ ಕಾಟಕ್ಕೆ ಸುಸ್ತಾದವರಿಗೆ ಇದನ್ನು ಬರೆಯುತ್ತಿದ್ದೇನೆ. ಬೇರೆ ಶೂಟಿಂಗ್ ಆಟದ ಸರ್ವರ್ ಆದರೂ ಇದರಲ್ಲಿ ಮುಕ್ಕಾಲು ಪಾಲು ನಿಮಗೂ ಹೊಂದುತ್ತದೆ.

ಆಟದ ಒಳಗೇ ಅಭ್ಯಾಸಕ್ಕೆ ಅಂತ ಕೊಟ್ಟಿರುವ ಬಾಟ್‌ಗಳ ವಿಷಯ ಇದಲ್ಲ. ಅವು ಪಾಪದವು. ಮನುಷ್ಯರ ಹಾಗೆ ಅಕೌಂಟ್ ಮಾಡಿಕೊಂಡು ಬಂದು, ಸ್ನೈಪರ್ ಆಗಿ, ಕಂಡವರ ತಲೆಗೆ ಗುರಿ ತಪ್ಪದೆ ಹೊಡೆದು, ಚಾಟ್ ತುಂಬಾ ಕಸ ಸುರಿದು ಹೋಗುವ ಪ್ರೋಗ್ರಾಂಗಳ ವಿಷಯ ಹೇಳುತ್ತಿದ್ದೇನೆ. ಒಬ್ಬನೇ ವ್ಯಕ್ತಿ ಒಂದೇ ಮೆಷಿನ್‌ನಿಂದ ಇಂಥವನ್ನು ಗುಂಪುಗುಂಪಾಗಿ ಓಡಿಸಬಹುದು.

ಈ ಆಟ ಬಂದಿದ್ದು 2007ರ ಅಕ್ಟೋಬರ್‌ನಲ್ಲಿ. 2011ರ ಜೂನ್‌ನಲ್ಲಿ ಉಚಿತವಾಯಿತು. ಕಾಟದ ಬೇರು ಅಲ್ಲೇ ಇದೆ. ಆಟ ಉಚಿತ, ಅಕೌಂಟೂ ಉಚಿತ. ಒಂದನ್ನು ಬ್ಯಾನ್ ಮಾಡಿದರೆ ಇನ್ನೊಂದು ರೆಡಿ. 2020ರ ಹೊತ್ತಿಗೆ ಇದು ಮಿತಿ ಮೀರಿತು. 2022ರ ಮೇನಲ್ಲಿ ಆಟಗಾರರು 'ಸೇವ್ ಟಿಎಫ್2' ಅಂತ ದನಿ ಎತ್ತಿದರು. 2024ರ ಜೂನ್‌ನಲ್ಲಿ 'ಫಿಕ್ಸ್ ಟಿಎಫ್2' ಅಂತ ಮತ್ತೆ ಎದ್ದರು, ಮನವಿಗೆ 3 ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. ಅದೇ ತಿಂಗಳ ಕೊನೆಗೆ ಈ ಆಟ ಮಾಡಿದ ವಾಲ್ವ್ ಕಂಪನಿ ರಾಶಿ ರಾಶಿ ಬಾಟ್ ಅಕೌಂಟ್‌ಗಳನ್ನು ಬ್ಯಾನ್ ಮಾಡಿತು, ಕಾಟ ತುಂಬಾ ಇಳಿಯಿತು. ಹಾಗಂತ ಸ್ವಂತ ಸರ್ವರ್ ಇಟ್ಟವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಬಾಟ್ ಓಡಿಸುವವನಿಗೆ ಸಿಕ್ಕಿಬೀಳುವ ಭಯ ಇಲ್ಲ. ಹೊತ್ತು ಹಾಳಾದರೆ, ಕೈಯಿಂದ ಕಾಸು ಹೋದರೆ ಮಾತ್ರ ಅವನಿಗೆ ಬೇಜಾರು. ಹಾಗಾಗಿ ನಿಮ್ಮ ಸರ್ವರ್‌ನಲ್ಲಿ ಅವನಿಗೆ ಮಜಾ ಸಿಗದಂತೆ ಮಾಡಬೇಕು. ಹೀಗೆ ಮಾಡುವಾಗ ನಿಜವಾದ ಆಟಗಾರ ಒಬ್ಬನೂ ಹೊರಗೆ ಬೀಳಬಾರದು. ಕಷ್ಟದ ಕೆಲಸ ಇದೇ. ಬಾಟ್ ಹಿಡಿಯುವುದು ಇದರ ಮುಂದೆ ಸುಲಭ.

ಮೊದಲು ಸುಲಭದ ಕೆಲಸಗಳು

ಸ್ನೈಪರ್‌ಗಳಿಗೆ ಮಿತಿ ಹಾಕಿ. ಸೋರ್ಸ್‌ಮಾಡ್ (ಸರ್ವರ್ ನಿರ್ವಹಣೆಯ ತಂತ್ರಾಂಶ) ಹಾಕಿಕೊಂಡ ಸರ್ವರ್‌ಗೆ ಕ್ಲಾಸ್ ಮಿತಿ, ಅಂದ್ರೆ ಸ್ನೈಪರ್, ಮೆಡಿಕ್‌ನಂಥ ಒಂದೊಂದು ಪಾತ್ರಕ್ಕೆ ಇಷ್ಟೇ ಜನ ಅನ್ನುವ ಮಿತಿ, ಹಾಕುವ ಪ್ಲಗಿನ್ (ಜೊತೆಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಸಿಗುತ್ತದೆ. ಒಂದು ಟೀಮ್‌ಗೆ ಇಬ್ಬರೇ ಸ್ನೈಪರ್ ಅಂತ ಇಡಿ. ಬಾಟ್‌ಗಳ ಬಲ ಇರುವುದೇ ಸ್ನೈಪರ್ ಬಂದೂಕಿನಲ್ಲಿ. ಒಂದೇ ಟೀಮ್‌ಗೆ ಆರು ಬಾಟ್ ಬಂದರೂ ನಾಲ್ಕಕ್ಕೆ ಆ ಬಂದೂಕು ಸಿಗುವುದಿಲ್ಲ. ಮನುಷ್ಯರಿಗೂ ಇದರಿಂದ ಆಟ ಚೆನ್ನಾಗಾಗುತ್ತದೆ, ಒಂದೇ ಟೀಮ್‌ನಲ್ಲಿ ಐದು ಸ್ನೈಪರ್ ಇದ್ದರೆ ಯಾರಿಗೆ ಖುಷಿ ಹೇಳಿ.

ಮ್ಯಾಪ್ ಪಟ್ಟಿಯಲ್ಲಿ ಆಟಗಾರರೇ ಮಾಡಿದ ಮ್ಯಾಪ್‌ಗಳನ್ನು ಸೇರಿಸಿ. ಬಾಟ್‌ಗೆ ಕಣ್ಣಿಲ್ಲ. ಎಲ್ಲಿ ನಡೆಯಬಹುದು, ಎಲ್ಲಿ ತಿರುಗಬೇಕು ಅನ್ನುವ ದಾರಿ ಫೈಲ್ ಅದಕ್ಕೆ ಮೊದಲೇ ಬೇಕು. ಅಧಿಕೃತ ಮ್ಯಾಪ್‌ಗಳಿಗೆ ಆ ಫೈಲ್ ಮಾಡಿಟ್ಟುಕೊಂಡಿರುತ್ತಾರೆ. ಹೊಸ ಮ್ಯಾಪ್ ಬಂದರೆ ಬಹುಪಾಲು ಬಾಟ್‌ಗಳು ಶುರುವಾದ ಕೋಣೆಯಲ್ಲೇ ನಿಂತಿರುತ್ತವೆ. ಸುಮ್ಮನೆ ನಿಂತವರನ್ನು ಹೊರಹಾಕುವ ಸೆಟ್ಟಿಂಗ್ ಆನ್ ಇದ್ದರೆ ಅವು ತಾವಾಗಿಯೇ ಹೋಗುತ್ತವೆ, ನೀವು ಕೈ ಹಾಕುವುದೇ ಬೇಡ.

ವೋಟ್ ಹಾಕಿ ಕಿಕ್ ಮಾಡುವ ಸೌಲಭ್ಯ ಆಫ್ ಮಾಡಿ. ವಿಚಿತ್ರ ಅನ್ನಿಸಬಹುದು. ವೋಟ್ ನಡೆಯುವುದು ಒಂದೇ ಟೀಮ್ ಒಳಗೆ. ಆ ಟೀಮ್‌ನಲ್ಲಿ ಬಾಟ್‌ಗಳೇ ಜಾಸ್ತಿಯಾದರೆ ಅವೇ ಮನುಷ್ಯರನ್ನು ಆಚೆ ಹಾಕುತ್ತವೆ. ಅದರ ಬದಲು ನಂಬಿಕಸ್ಥರಾದ ನಾಲ್ಕೈದು ಹಳಬರಿಗೆ ಕಿಕ್ ಅಧಿಕಾರ ಕೊಡಿ. ಸೋರ್ಸ್‌ಮಾಡ್‌ನಲ್ಲಿ 'ಸಿ' ಅಕ್ಷರ ಅಂದ್ರೆ ಕಿಕ್, 'ಡಿ' ಅಂದ್ರೆ ಬ್ಯಾನ್. 'ಸಿ' ಮಾತ್ರ ಕೊಡಿ. ಕಿಕ್ ತಪ್ಪಾದರೆ ಆಟಗಾರ ಒಂದು ನಿಮಿಷದಲ್ಲಿ ವಾಪಸ್ ಬರುತ್ತಾನೆ. ಬ್ಯಾನ್ ತಪ್ಪಾದರೆ ಅವನು ಮತ್ತೆ ಬರದೇ ಇರಬಹುದು. 'ಝಡ್' ಅಂದ್ರೆ ಎಲ್ಲ ಅಧಿಕಾರ, ಅದನ್ನು ಯಾರಿಗೂ ಕೊಡಬೇಡಿ, ಎಷ್ಟೇ ಆಪ್ತರಾದರೂ ಸರಿ.

ಸರ್ವರ್‌ನ ಆರ್‌ಕಾನ್ ಪಾಸ್‌ವರ್ಡ್ (ದೂರದಿಂದಲೇ ಸರ್ವರ್‌ಗೆ ಆಜ್ಞೆ ಕೊಡಲು ಬೇಕಾದದ್ದು) ಉದ್ದವಾಗಿರಲಿ, ಬೇರೆಲ್ಲೂ ಬಳಸದ್ದಿರಲಿ. ಮನೆಯ ಇಂಟರ್ನೆಟ್‌ನಲ್ಲಿ ಸರ್ವರ್ ಓಡಿಸಬೇಡಿ. ಬಾಟ್ ಓಡಿಸುವವರು ಸಿಟ್ಟಾದರೆ ದಾಳಿ ಮಾಡುವುದು ಐಪಿ ವಿಳಾಸದ, ಅಂದ್ರೆ ನಿಮ್ಮ ಇಂಟರ್ನೆಟ್ ವಿಳಾಸದ ಮೇಲೆ. ಬಾಡಿಗೆ ಮೆಷಿನ್ ಬಿದ್ದರೆ ಎದ್ದೇಳುತ್ತದೆ, ಮನೆಯ ನೆಟ್ ಬಿದ್ದರೆ ಮನೆಯವರಿಗೆಲ್ಲ ತೊಂದರೆ.

ಐಪಿ ಬ್ಯಾನ್ ಬೇಡ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಹೊಸ ಅಡ್ಮಿನ್‌ಗಳು ಮೊದಲು ಕೈ ಹಾಕುವುದೇ ಇದಕ್ಕೆ. ನಮ್ಮಲ್ಲಿ ಮೊಬೈಲ್ ಡೇಟಾದಲ್ಲಿ ಆಡುವವರು ತುಂಬಾ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಎಷ್ಟೋ ಗಿರಾಕಿಗಳಿಗೆ ಹಂಚಿರುತ್ತವೆ. ಹಾಸ್ಟೆಲ್ ವೈಫೈ ಆದರೆ ಇಡೀ ಕಟ್ಟಡಕ್ಕೇ ಒಂದು. ಒಬ್ಬನಿಗೆ ಅಂತ ಹಾಕಿದ ಬ್ಯಾನ್ ಗೊತ್ತೇ ಇಲ್ಲದ ಹುಡುಗನ ತಲೆಗೆ ಬೀಳುತ್ತದೆ. ನಾಳೆ ಅದೇ ವಿಳಾಸ ಇನ್ನೊಬ್ಬರ ಪಾಲಾಗುತ್ತದೆ. ಬಾಟ್ ಓಡಿಸುವವನು ಅಷ್ಟರಲ್ಲಿ ಬೇರೆ ವಿಳಾಸ ಹಿಡಿದಿರುತ್ತಾನೆ.

ವಿಳಾಸದ ಬದಲು ಅದು ಯಾವ ಬಗೆಯ ನೆಟ್‌ವರ್ಕ್ ಅಂತ ನೋಡಿ. ಮನೆ, ಮೊಬೈಲ್, ಕಾಲೇಜು ನೆಟ್‌ವರ್ಕ್‌ಗಳಿಂದ ಬರುವವರು ಸಾಮಾನ್ಯವಾಗಿ ಮನುಷ್ಯರು. ಡೇಟಾ ಸೆಂಟರ್‌ನಿಂದಲೋ ವಿಪಿಎನ್‌ನಿಂದಲೋ ಬರುವವರನ್ನು ಸ್ವಲ್ಪ ಗಮನಿಸಬೇಕು. ಇದನ್ನು ತೋರಿಸುವ ಪ್ಲಗಿನ್‌ಗಳಿವೆ. ಆದರೆ ಇಲ್ಲೂ ಕಣ್ಣು ಮುಚ್ಚಿ ಬಾಗಿಲು ಹಾಕಬೇಡಿ. ಎಷ್ಟೋ ಕಾಲೇಜು ನೆಟ್‌ವರ್ಕ್‌ಗಳಲ್ಲಿ ಗೇಮ್ ಬ್ಲಾಕ್ ಆಗಿರುತ್ತದೆ, ಹುಡುಗರು ವಿಪಿಎನ್ ಹಾಕಿಯೇ ಬರುತ್ತಾರೆ. ಗೊತ್ತಿರುವ ಅಂಥವರ ಸ್ಟೀಮ್ ಐಡಿ (ಆಟ ಸಿಗುವ ವಾಲ್ವ್‌ನ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಅವರ ಅಕೌಂಟ್ ಸಂಖ್ಯೆ) ಬರೆದುಕೊಂಡು ವಿನಾಯಿತಿ ಪಟ್ಟಿಗೆ ಸೇರಿಸಿ.

ಅಕೌಂಟ್ ಹೊಸದು ಅಂತ ತಡೆಯುವುದೂ ಹೀಗೇ. ಸ್ಟೀಮ್‌ನಲ್ಲಿ 5 ಡಾಲರ್ ಖರ್ಚು ಮಾಡದ ಅಕೌಂಟ್‌ಗೆ ಕೆಲವು ಸೌಲಭ್ಯಗಳು ಸಿಗುವುದಿಲ್ಲ. ಅಂಥ ಅಕೌಂಟ್‌ಗಳನ್ನೆಲ್ಲ ಹೊರಗಿಡಿ ಅಂತ ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಿಯುಸಿ ಹುಡುಗಿಯೊಬ್ಬಳು ಅಣ್ಣನ ಹಳೇ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸಲ ಆಟ ಹಾಕಿಕೊಂಡು ಬಂದರೆ ಅವಳ ಅಕೌಂಟೂ ಹಾಗೇ ಕಾಣುತ್ತದೆ. ಹೊಸ ಅಕೌಂಟ್ ಬಂದರೆ ಒಳಗೆ ಬಿಡಿ, ಶುರುವಿನಲ್ಲಿ ವಾಯ್ಸ್ ಚಾಟ್ ಮಾತ್ರ ಆಫ್ ಇಡಿ. ಕಿವಿ ಹರಿಯುವ ಹಾಗೆ ಸದ್ದು ಮಾಡುವುದು ಬಾಟ್‌ಗಳ ದೊಡ್ಡ ಅಸ್ತ್ರ, ಅದು ಹೋಯಿತು. ಹುಡುಗಿಗೆ ಆಡಲು ಏನೂ ಅಡ್ಡಿಯಿಲ್ಲ.

ಅನುಮಾನ ಬಂದರೆ ಏನು ನೋಡಬೇಕು

ಈ ಆಟದಲ್ಲಿ ಸರ್ವರ್ ಒಂದು ಸೆಕೆಂಡನ್ನು ಸುಮಾರು 66 ಟಿಕ್‌ಗಳಾಗಿ ಕತ್ತರಿಸುತ್ತದೆ. ಒಂದು ಟಿಕ್ ಅಂದ್ರೆ 15 ಮಿಲಿಸೆಕೆಂಡ್. ಪ್ರತಿ ಟಿಕ್‌ಗೂ ಆಟಗಾರನ ಕಂಪ್ಯೂಟರ್ ಒಂದು ಚೀಟಿ ಕಳಿಸುತ್ತದೆ. ಎತ್ತ ನೋಡುತ್ತಿದ್ದಾನೆ, ಯಾವ ಬಟನ್ ಒತ್ತಿದ, ಮೌಸ್ ಎಷ್ಟು ಸರಿಯಿತು ಅಂತ. ಎಲ್ಲ ಸಾಕ್ಷಿ ಇರುವುದು ಈ ಚೀಟಿಗಳಲ್ಲಿ.

ಮನುಷ್ಯ ಶತ್ರುವಿನ ಕಡೆ ತಿರುಗುವಾಗ ಕೈ ಮೊದಲು ಜೋರಾಗಿ ಹೋಗುತ್ತದೆ, ಗುರಿ ಹತ್ತಿರ ಬಂದಾಗ ನಿಧಾನವಾಗುತ್ತದೆ, ಸ್ವಲ್ಪ ದಾಟುತ್ತದೆ, ವಾಪಸ್ ಬರುತ್ತದೆ. ತಾನಾಗಿ ಗುರಿ ಹಿಡಿಯುವ ಚೀಟ್‌ಗೆ, ಅಂದ್ರೆ ಏಮ್‌ಬಾಟ್‌ಗೆ, ಇದೊಂದೂ ಇಲ್ಲ. ಒಂದು ಟಿಕ್‌ನಲ್ಲಿ ಗೋಡೆ ಕಡೆ ನೋಡುತ್ತಿದೆ. ಮುಂದಿನ ಟಿಕ್‌ನಲ್ಲಿ ನೋಟ ಶತ್ರುವಿನ ತಲೆಯ ಮೇಲಿದೆ, ಗುಂಡು ಹಾರಿದೆ. ಅದರ ಮುಂದಿನ ಟಿಕ್‌ನಲ್ಲಿ ನೋಟ ಮತ್ತೆ ಗೋಡೆಯ ಅದೇ ಜಾಗಕ್ಕೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದಿದೆ. ಯಾವ ಕೈಗೂ ಇದು ಸಾಧ್ಯವಿಲ್ಲ.

ಇನ್ನೊಂದು ಗುರುತು ಕೋನದ್ದು. ಆಟ ನಿಮ್ಮನ್ನು ಮೇಲಕ್ಕೆ 89 ಡಿಗ್ರಿ, ಕೆಳಕ್ಕೆ 89 ಡಿಗ್ರಿವರೆಗೆ ಮಾತ್ರ ನೋಡಲು ಬಿಡುತ್ತದೆ. ಎದುರಾಳಿಯ ಗುರಿ ತಪ್ಪಿಸಲು ತಲೆ ಗಿರಗಿರ ತಿರುಗಿಸುವ ಚೀಟ್‌ಗಳು ಆ ಮಿತಿ ದಾಟಿದ ಅಂಕಿಗಳನ್ನು ಕಳಿಸುತ್ತವೆ. ಒಂದೇ ಆಟಗಾರನಿಂದ ಇಂಥದ್ದು ಮತ್ತೆ ಮತ್ತೆ ಬಂದರೆ ಹೆಚ್ಚು ಯೋಚಿಸಬೇಕಿಲ್ಲ.

ಮೂರನೆಯದು ಸ್ಕೋಪ್ (ಬಂದೂಕಿನ ದುರ್ಬೀನು) ಹಾಕುವ ಹೊತ್ತು. ಸ್ನೈಪರ್ ಸ್ಕೋಪ್ ಹಾಕಿ 0.2 ಸೆಕೆಂಡ್ ಕಳೆದ ಮೇಲಷ್ಟೇ ಹೆಡ್‌ಶಾಟ್ ಲೆಕ್ಕಕ್ಕೆ ಬರುತ್ತದೆ. ಬಾಟ್ ಆ ಗೆರೆ ದಾಟಿದ ತಕ್ಷಣ ಹೊಡೆಯುತ್ತದೆ, ಪ್ರತಿ ಸಲವೂ. ಮನುಷ್ಯನ ಹೊಡೆತ ಒಮ್ಮೆ ಬೇಗ, ಒಮ್ಮೆ ತಡ. ಎಷ್ಟೇ ಪಳಗಿದವನಾದರೂ ಹೀಗೇ.

ಇಂಥದ್ದರ ಮೇಲೆ ಕಣ್ಣಿಡಲು ಸ್ಟ್ಯಾಕ್ ಅಥವಾ ಲಿಟಲ್ ಆಂಟಿ ಚೀಟ್ ಎಂಬ ಪ್ಲಗಿನ್ ಹಾಕಿ. ಎರಡೂ ಉಚಿತ. ಹಾಕಿದ ದಿನವೇ ತಾನಾಗಿ ಬ್ಯಾನ್ ಮಾಡುವ ಅಧಿಕಾರ ಕೊಡಬೇಡಿ. ಬರೀ ಲಾಗ್ ಬರೆಯುವ ಹಾಗೆ ಇಟ್ಟು ಕೆಲವು ವಾರ ಓದಿ. ನಿಮ್ಮ ಹಳೇ ಆಟಗಾರರ ಹೆಸರೂ ಅಲ್ಲಿ ಆಗಾಗ ಬರುತ್ತದೆ. ಯಾಕೆ ಬಂತು ಅಂತ ಅರ್ಥವಾದ ಮೇಲೆ ಮಿತಿಗಳನ್ನು ಸರಿಮಾಡಿ.

ಜೊತೆಗೆ ಸರ್ವರ್‌ನಲ್ಲೇ ಇರುವ ರೆಕಾರ್ಡಿಂಗ್ ಸೌಲಭ್ಯ ಸೋರ್ಸ್‌ಟಿವಿ ಆನ್ ಮಾಡಿ, ಪ್ರತಿ ಆಟವೂ ತಾನಾಗಿ ರೆಕಾರ್ಡ್ ಆಗಲಿ. ಇಲ್ಲೊಂದು ಚಿಕ್ಕ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ರೆಕಾರ್ಡಿಂಗ್ ಸಾಮಾನ್ಯವಾಗಿ ಸೆಕೆಂಡಿಗೆ 16 ಚಿತ್ರ ಮಾತ್ರ ಹಿಡಿಯುತ್ತದೆ. ಒಂದೇ ಟಿಕ್‌ನಲ್ಲಿ ನಡೆದ ಕಳ್ಳಾಟ ಎರಡು ಚಿತ್ರಗಳ ಮಧ್ಯೆ ಕಳೆದುಹೋಗುತ್ತದೆ. ಈ ಲೆಕ್ಕದ ಸೆಟ್ಟಿಂಗ್ ಆದ ಸ್ನ್ಯಾಪ್‌ಶಾಟ್ ರೇಟ್ ಅನ್ನು 66ಕ್ಕೆ ಏರಿಸಿ. ಫೈಲ್ ದೊಡ್ಡದಾಗುತ್ತದೆ, ಪರವಾಗಿಲ್ಲ. ಆಮೇಲೆ ಗೇಮ್‌ನಲ್ಲಿ ಡೆಮೊ (ಆ ರೆಕಾರ್ಡಿಂಗ್ ಫೈಲ್) ಹಾಕಿ, ಶಿಫ್ಟ್ ಹಿಡಿದು ಎಫ್2 ಒತ್ತಿದರೆ ಬರುವ ಪೆಟ್ಟಿಗೆಯಲ್ಲಿ ವೇಗ ಇಳಿಸಿ ನೋಡಿ. ಕೆಲವು ಚೀಟ್‌ಗಳ ತಿರುಗುವಿಕೆ ಡೆಮೊದಲ್ಲಿ ಕಾಣುವುದೇ ಇಲ್ಲ, ಸರ್ವರ್‌ಗೆ ಬಂದ ಚೀಟಿಯಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಲಾಗ್ ಮತ್ತು ಡೆಮೊ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ತೀರ್ಮಾನಕ್ಕೆ ಬನ್ನಿ.

ಒಂದು ರಾತ್ರಿ ಚಾಟ್‌ನಲ್ಲಿ ಕೂಗಾಟ. "ಅಕ್ಕಾ, ಇವನು ಬಾಟ್, ಓಡ್ಸಿ ಇವನನ್ನ." ಹೊಸ ಹೆಸರು, ಹೊಸ ಅಕೌಂಟ್, ಮಾತಿಲ್ಲ ಕತೆಯಿಲ್ಲ, ಎಡೆಬಿಡದೆ ಹೆಡ್‌ಶಾಟ್. ಪ್ಲಗಿನ್ ಕೂಡ ನೋಟ ಹಾರಿದೆ ಅಂತ ಬರೆದಿತ್ತು. ಡೆಮೊ ನೋಡಿದೆ. ಹಾರಿದ್ದ ಜಾಗಗಳಲ್ಲೆಲ್ಲ ಅವನ ಪ್ಯಾಕೆಟ್‌ಗಳು, ಅಂದ್ರೆ ಆ ಚೀಟಿಗಳು, ದಾರಿಯಲ್ಲೇ ಬಿದ್ದುಹೋಗಿದ್ದವು. ನೆಟ್ ತಡವರಿಸಿದಾಗ ನೋಟ ಜಿಗಿದ ಹಾಗೆ ಕಾಣುತ್ತದೆ, ಅಷ್ಟೇ. ಜಿಗಿದ ಮೇಲೆ ವಾಪಸ್ ಅದೇ ಜಾಗಕ್ಕೆ ಬಂದಿರಲಿಲ್ಲ. ಗುಂಡು ಹಾರಿಸದೇ ಇದ್ದಾಗಲೂ ಜಿಗಿದಿತ್ತು. ಇನ್ನೊಂದು ಕಡೆ, ಅವನ ಹಿಂದೆ ನಿಂತಿದ್ದ ಮೆಡಿಕ್ ಸತ್ತಾಗ ಸರ್ರನೆ ತಿರುಗಿ ನೋಡಿ, ಎರಡು ಗುಂಡು ಗೋಡೆಗೆ ಹೊಡೆದಿದ್ದ. ಗಾಬರಿಯಾಗಿ ಗೋಡೆಗೆ ಹೊಡೆಯುವ ಬಾಟ್ ನಾನು ನೋಡಿಲ್ಲ. ಅವನನ್ನು ಉಳಿಸಿಕೊಂಡೆ. ಈಗ ಅವನ ಹತ್ತಿರವೂ 'ಸಿ' ಇದೆ.

ಕಳಪೆ ನೆಟ್, ಹಳೇ ಲ್ಯಾಪ್‌ಟಾಪ್, ಮೌಸ್ ಚಕ್ರಕ್ಕೆ ಜಂಪ್ ಕೊಟ್ಟುಕೊಂಡವರು, ಇವರೆಲ್ಲ ಪ್ಲಗಿನ್ ಕಣ್ಣಿಗೆ ಕಳ್ಳರ ಹಾಗೆ ಕಾಣುತ್ತಾರೆ. ನಮ್ಮ ಊರುಗಳಿಂದ ಬರುವವರಲ್ಲಿ ಇಂಥವರೇ ಜಾಸ್ತಿ ಅಲ್ವಾ? ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಬ್ಯಾನ್ ಮಾಡುವಾಗ

ಹೆಸರು ನೋಡಿ ಯಾವತ್ತೂ ಬ್ಯಾನ್ ಮಾಡಬೇಡಿ. ಬಾಟ್‌ಗಳು ಪಕ್ಕದ ಆಟಗಾರನ ಹೆಸರನ್ನೇ ಕದ್ದು, ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿ ಹಾಕಿಕೊಳ್ಳುತ್ತವೆ. ಪಟ್ಟಿಯಲ್ಲಿ ಇಬ್ಬರು ಒಂದೇ ಹೆಸರಿನವರು, ನೀವು ಹೊಡೆದದ್ದು ಪಾಪದವನಿಗೆ. ಕನ್ಸೋಲ್‌ನಲ್ಲಿ 'ಸ್ಟೇಟಸ್' ಅಂತ ಹಾಕಿದರೆ ಪ್ರತಿಯೊಬ್ಬರ ಯೂಸರ್ ನಂಬರ್, ಸ್ಟೀಮ್ ಐಡಿ, ಬಂದು ಎಷ್ಟು ಹೊತ್ತಾಯಿತು, ಪಿಂಗ್ ಎಲ್ಲ ಸಾಲಾಗಿ ಬರುತ್ತದೆ. ಹೊಸದಾಗಿ ಬಂದು ಇನ್ನೊಬ್ಬರ ಹೆಸರು ಇಟ್ಟುಕೊಂಡದ್ದು ಯಾವುದು ಅಂತ ಸಮಯ ನೋಡಿದರೇ ತಿಳಿಯುತ್ತದೆ. ಯೂಸರ್ ನಂಬರ್ ಕೊಟ್ಟು ಬ್ಯಾನ್ ಮಾಡಿ.

ಅನುಮಾನವಿಲ್ಲದ ಬಾಟ್‌ಗೆ ತಕ್ಷಣ ಬ್ಯಾನ್ ಸರಿ. ಚೀಟ್ ಹಾಕಿಕೊಂಡು ಆಡುವ ಮನುಷ್ಯ ಅಂತ ಅನ್ನಿಸಿದರೆ ಸ್ವಲ್ಪ ಕಾಯಿರಿ, ಒಂದೆರಡು ದಿನ ಬಿಟ್ಟು ಮಾಡಿ. ಕಾರಣದ ಜಾಗದಲ್ಲಿ 'ಚೀಟಿಂಗ್' ಅಂತಷ್ಟೇ ಬರೆಯಿರಿ. ಯಾವ ಗುಂಡಿನಲ್ಲಿ ಸಿಕ್ಕಿಬಿದ್ದೆ ಅಂತ ಅವನಿಗೆ ಗೊತ್ತಾಗಬಾರದು, ಗೊತ್ತಾದರೆ ಅದೊಂದನ್ನು ಸರಿಮಾಡಿಕೊಂಡು ಬರುತ್ತಾನೆ. 2002ರಿಂದ ಇರುವ ವ್ಯಾಕ್ (ಚೀಟ್ ಹಿಡಿಯುವ ವಾಲ್ವ್‌ನದೇ ವ್ಯವಸ್ಥೆ) ಕೂಡ ಎಷ್ಟೋ ಸಲ ಪತ್ತೆ ಮಾಡಿದ ಕೂಡಲೇ ಬ್ಯಾನ್ ಮಾಡದೆ ತಡ ಮಾಡುವುದು ಇದೇ ಕಾರಣಕ್ಕೆ.

ಒಮ್ಮೆಗೇ ಗುಂಪಾಗಿ ನುಗ್ಗಿದರೆ ಒಂದೊಂದನ್ನೇ ಅಟ್ಟಿಸಿಕೊಂಡು ಹೋಗಬೇಡಿ. ಸರ್ವರ್‌ಗೆ ಪಾಸ್‌ವರ್ಡ್ ಹಾಕಿ, ನಿಮ್ಮವರ ಗ್ರೂಪ್‌ಗೆ ಕಳಿಸಿ, ಮ್ಯಾಪ್ ಬದಲಿಸಿ. ಒಳಗಿರುವ ಬಾಟ್‌ಗಳನ್ನು ಕಿಕ್ ಮಾಡಿದರೆ ಮತ್ತೆ ಬರಲಾಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಪಾಸ್‌ವರ್ಡ್ ತೆಗೆಯಿರಿ. ಸಿಟ್ಟಿನಲ್ಲಿ ಚಾಟ್‌ನಲ್ಲಿ ಬೈಯಬೇಡಿ, ಬೈಗುಳ ಕೇಳುವುದೇ ಅವರಿಗೆ ಬೇಕಿರುವುದು. ಬಾಟ್‌ಗಳನ್ನು ಕೊಲ್ಲುವ ಬಾಟ್ ಹಾಕುತ್ತೇವೆ, ಚೀಟ್ ಹೇಗಿದೆ ಅಂತ ನೋಡಲು ಡೌನ್‌ಲೋಡ್ ಮಾಡುತ್ತೇವೆ ಅನ್ನುವ ಹುಡುಗರು ಇರುತ್ತಾರೆ. ಬೇಡ ಅಂತ ಹೇಳಿ. ಮೊದಲನೆಯದರಲ್ಲಿ ಅವರ ಅಕೌಂಟೇ ಹೋಗುತ್ತದೆ, ಎರಡನೆಯದರಲ್ಲಿ ಕಂಪ್ಯೂಟರ್‌ಗೆ ಏನು ಬೇಕಾದರೂ ಹೊಕ್ಕಬಹುದು.

ಬ್ಯಾನ್ ಆದವರು ಕೇಳಿಕೊಳ್ಳಲು ಒಂದು ಜಾಗ ಇಡಿ, ಒಂದು ಇಮೇಲ್ ಸಾಕು. ಬಂದದ್ದನ್ನೆಲ್ಲ ಓದಿ. ಮನವಿ ಬಂದರೆ ಬ್ಯಾನ್ ಮಾಡಿದ ಅಡ್ಮಿನ್ ಬಿಟ್ಟು ಬೇರೆಯವರು ಡೆಮೊ ನೋಡಲಿ. ಹಾಗಾಗಿ ಪ್ರತಿ ಬ್ಯಾನ್ ಪಕ್ಕದಲ್ಲಿ ತಾರೀಖು, ಡೆಮೊ ಫೈಲ್ ಹೆಸರು, ಟಿಕ್ ನಂಬರ್ ಬರೆದಿಡಿ. ಮಿಕ್ಕ ಡೆಮೊಗಳನ್ನು ತಿಂಗಳಿಗೊಮ್ಮೆ ಅಳಿಸಿ, ಇಲ್ಲದಿದ್ದರೆ 66ರ ರೇಟ್‌ನಲ್ಲಿ ಬಾಡಿಗೆ ಮೆಷಿನ್‌ನ ಡಿಸ್ಕ್ ಬೇಗ ತುಂಬುತ್ತದೆ.