ಜೈಲಿನ ಲಾಗ್‌ಬುಕ್ ಮತ್ತು ನಾಯಿಗಳ ದಿನಲೆಕ್ಕ: ಗ್ರ್ಯಾಂಡ್ ಜ್ಯೂರಿಯಲ್ಲಿ ನನ್ನ ಒಂದು ವರ್ಷ

ಜೈಲಿನ ಕಾವಲಿನವರು ರಾತ್ರಿ ಸುತ್ತು ಹಾಕಿದ್ದೇವೆ ಅಂತ ಲಾಗ್‌ಬುಕ್‌ನಲ್ಲಿ ಬರೆದಿದ್ದ ಹೊತ್ತುಗಳು ಹೀಗಿದ್ದವು: 1:00, 2:00, 3:00, 4:00. ಬೆಳಗಾಗುವವರೆಗೂ ಹಾಗೇ. ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ನಾನು 22 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು. ಇಷ್ಟು ನೀಟಾದ ಡೇಟಾ ಕಂಡರೆ ನನಗೆ ಖುಷಿಯಾಗುವುದಿಲ್ಲ, ಹೊಟ್ಟೆಯಲ್ಲಿ ಏನೋ ತಳಮಳ ಶುರುವಾಗುತ್ತದೆ.

ಅದು ಕ್ಯಾಲಿಫೋರ್ನಿಯಾದ ಒಂದು ಕೌಂಟಿ ಜೈಲು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಯಾವ ಕೌಂಟಿ ಅಂತ ಹೇಳುವುದಿಲ್ಲ. ನಾನು ಒಳಗೆ ಹೋಗಿದ್ದು ಸಿವಿಲ್ ಗ್ರ್ಯಾಂಡ್ ಜ್ಯೂರಿಯ ಸದಸ್ಯೆಯಾಗಿ. ಹಾಸನದ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು ಮೊದಲು ಕೇಳಿದ್ದು, "ನೀನೇನು ತಪ್ಪು ಮಾಡಿದ್ದೆ?" ಅಂತ.

ಈ ಜ್ಯೂರಿ ಕೊಲೆ ಕೇಸು ಕೇಳುವ ಜ್ಯೂರಿ ಅಲ್ಲ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ ಪ್ರತಿ ವರ್ಷ ಊರಿನ ಸಾಮಾನ್ಯ ಜನರನ್ನು ಸೇರಿಸಿ ಇಂಥದ್ದೊಂದು ಜ್ಯೂರಿ ಮಾಡಬೇಕು ಅಂತ ರಾಜ್ಯದ ಸಂವಿಧಾನವೇ ಹೇಳುತ್ತದೆ. ಹೆಚ್ಚಿನ ಕಡೆ 19 ಜನ, ಲಾಸ್ ಏಂಜಲೀಸ್‌ನಲ್ಲಿ 23. ಸಾಮಾನ್ಯವಾಗಿ ಜುಲೈ 1ರಿಂದ ಮರುವರ್ಷ ಜೂನ್ 30ರವರೆಗೆ. ಕೌಂಟಿ ಆಫೀಸುಗಳು, ನಗರಸಭೆಗಳು, ಶಾಲಾ ಮಂಡಳಿಗಳು ಹೇಗೆ ಕೆಲಸ ಮಾಡುತ್ತಿವೆ ಅಂತ ನೋಡಿ ರಿಪೋರ್ಟ್ ಬರೆಯುವುದು ಕೆಲಸ. ಯಾವುದನ್ನು ನೋಡಬೇಕು ಅನ್ನುವುದು ಜ್ಯೂರಿಗೇ ಬಿಟ್ಟದ್ದು. ಆದರೆ ಕೌಂಟಿಯೊಳಗಿನ ಜೈಲುಗಳ ಸ್ಥಿತಿಗತಿ ಮಾತ್ರ ವಿಚಾರಿಸಲೇಬೇಕು. ದಂಡಸಂಹಿತೆಯ 919ನೇ ಸೆಕ್ಷನ್ ಅದನ್ನು ಕಡ್ಡಾಯ ಮಾಡಿದೆ.

ಸೇರಲು ಅಮೆರಿಕದ ಸಿಟಿಜನ್ ಆಗಿರಬೇಕು, ಕೌಂಟಿಯಲ್ಲಿ ಒಂದು ವರ್ಷ ವಾಸವಾಗಿರಬೇಕು. "ಸಾಧಾರಣ ಬುದ್ಧಿ" ಇರಬೇಕು ಅಂತ ಕಾನೂನಿನಲ್ಲೇ ಬರೆದಿದೆ. ಅಷ್ಟಾದರೆ ನನಗಿದೆ ಅಂತ ಅರ್ಜಿ ಹಾಕಿದೆ. ನ್ಯಾಯಾಧೀಶರು ಹತ್ತು ನಿಮಿಷ ಮಾತಾಡಿಸಿದರು. ಆಮೇಲೆ ಲಾಟರಿ ಎತ್ತಿದರು. ನನ್ನ ಹೆಸರು ಬಂತು. ದಿನಕ್ಕೆ 15 ಡಾಲರ್ ಮತ್ತು ಪೆಟ್ರೋಲಿಗೆ ಮೈಲಿಗಿಷ್ಟು. ಅಲ್ಲಿನ ಪಾರ್ಕಿಂಗ್ ದರಕ್ಕೆ ಹೋಲಿಸಿದರೆ ಇದು ಸೇವೆಯೇ ಸರಿ.

ಒಳಗೆ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ ಅಂತ ಪ್ರಮಾಣ ಮಾಡಬೇಕು. ಅದಕ್ಕೆ ಅವಧಿಯಿಲ್ಲ. ಜ್ಯೂರಿ ಮುಗಿದರೂ ಬಾಯಿಗೆ ಬೀಗ ಬೀಗವೇ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಅಚ್ಚಾದ ರಿಪೋರ್ಟಿನಲ್ಲಿ ಇರುವುದು, ಇಲ್ಲವೇ ನನ್ನ ಮನೆಯಲ್ಲಿ ನಡೆದದ್ದು. ನಮ್ಮವರು ದಿನಾ ಊಟಕ್ಕೆ ಕೂತಾಗ "ಇವತ್ತೇನು ವಿಶೇಷ?" ಅನ್ನುತ್ತಿದ್ದರು. ನಾನು "ಹುಳಿಗೆ ಉಪ್ಪು ಜಾಸ್ತಿ ಆಗಿದೆ" ಅನ್ನುತ್ತಿದ್ದೆ. ಮೂರು ತಿಂಗಳಾದ ಮೇಲೆ ಕೇಳುವುದನ್ನೇ ಬಿಟ್ಟರು.

ಶೆರಿಫ್ ಬಗ್ಗೆ ಸ್ವಲ್ಪ ಹೇಳಬೇಕು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಎಸ್‌ಪಿ ಮತ್ತು ಜೈಲು ಸೂಪರಿಂಟೆಂಡೆಂಟ್ ಇಬ್ಬರೂ ಒಬ್ಬರೇ ಆಗಿ, ಅವರು ವೋಟು ಗೆದ್ದು ಬಂದರೆ ಹೇಗಿರುತ್ತದೆ? ಬಹುಪಾಲು ಕೌಂಟಿಗಳಲ್ಲಿ ಶೆರಿಫ್ ಅಂದರೆ ಅದೇ. ಕೆಲವು ಕಡೆ ಬೀದಿನಾಯಿಗಳೂ ಅವರ ಪಾಲಿಗೇ. ಉತ್ತರದ ಹಂಬೋಲ್ಟ್ ಕೌಂಟಿಯಲ್ಲಿ ಪ್ರಾಣಿ ಆಶ್ರಯ ನಡೆಸುವುದೂ ಶೆರಿಫ್ ಆಫೀಸೇ. ಕೌಂಟಿಯ ಆಡಳಿತ ನೋಡುವ ಸೂಪರ್‌ವೈಸರ್‌ಗಳ ಬೋರ್ಡು ಶೆರಿಫ್‌ಗೆ ದುಡ್ಡು ಕೊಡುತ್ತದೆ, ಆದರೆ ಬಹುತೇಕ ಕಡೆ ಕೆಲಸದಿಂದ ತೆಗೆಯಲು ಆಗುವುದಿಲ್ಲ. ತನಿಖೆಯಲ್ಲಿ ಕೈ ಹಾಕುವಂತಿಲ್ಲ. ನಮ್ಮೂರಲ್ಲಾದರೆ ಒಂದು ವರ್ಗಾವಣೆ ಆದೇಶ ಸಾಕು. ಇಲ್ಲಿ ಅದು ನಡೆಯುವುದಿಲ್ಲ. 2020ರಲ್ಲಿ ಒಂದು ಕಾನೂನು ಬಂತು. ಮರುವರ್ಷದಿಂದ ಕೌಂಟಿಗಳು ಬೇಕಿದ್ದರೆ ಶೆರಿಫ್ ಮೇಲೆ ಕಣ್ಣಿಡುವ ಸಮಿತಿ ಮಾಡಿಕೊಂಡು, ಸಮನ್ಸ್ ಕೊಟ್ಟು ದಾಖಲೆ ತರಿಸಿಕೊಳ್ಳಬಹುದು. ಬೇಕಿದ್ದರೆ ಮಾತ್ರ.

ಗ್ರ್ಯಾಂಡ್ ಜ್ಯೂರಿಗೆ ಇನ್ನೊಂದು ಅಸ್ತ್ರವೂ ಇದೆ, ಅಪರೂಪದ್ದು. ನಮ್ಮ ಕನ್ನಡದವರು ಬಹಳ ಜನ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಸಿವಿಲ್ ಗ್ರ್ಯಾಂಡ್ ಜ್ಯೂರಿ ಶೆರಿಫ್ ಲಾರಿ ಸ್ಮಿತ್ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸಿತು. ಬಂದೂಕು ಪರವಾನಗಿಗಳ ವಿಷಯ ಅದರಲ್ಲಿ ಮುಖ್ಯವಾಗಿತ್ತು. ತೀರ್ಪಿಗೆ ಕೆಲವೇ ದಿನ ಮೊದಲು, 2022ರ ಅಕ್ಟೋಬರ್ 31ಕ್ಕೆ ಅವರು ರಾಜೀನಾಮೆ ಕೊಟ್ಟರು. ಆದರೂ ವಿಚಾರಣೆಯ ಜ್ಯೂರಿ ಅವರನ್ನು ತಪ್ಪಿತಸ್ಥೆ ಎಂದಿತು. ಅಂಥದ್ದು ನಮ್ಮ ಪಾಲಿಗೆ ಬರಲಿಲ್ಲ. ನಮಗೆ ಸಿಕ್ಕಿದ್ದು ಲಾಗ್‌ಬುಕ್.

ಜೈಲಿನ ಬಗ್ಗೆ ನನಗಿದ್ದ ಕಲ್ಪನೆ ತಪ್ಪಾಗಿತ್ತು. ಗಲಾಟೆ ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಕಾಯುವಿಕೆ. ಇವು ಮೊದಲು ಕೇಸು ನಡೆಯುವವರೆಗೆ ಇಟ್ಟುಕೊಳ್ಳಲು, ಇಲ್ಲವೇ ಒಂದು ವರ್ಷದೊಳಗಿನ ಶಿಕ್ಷೆಗೆ ಅಂತ ಕಟ್ಟಿದ ಜೈಲುಗಳು. ರಾಜ್ಯದ ಸೆರೆಮನೆಗಳು ತುಂಬಿ ತುಳುಕಿ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ, 2011ರ ಅಕ್ಟೋಬರ್‌ನಿಂದ ದೊಡ್ಡ ಅಪರಾಧಗಳಲ್ಲಿ ಸಣ್ಣವು ಎನಿಸಿದ ಕೇಸುಗಳವರನ್ನು ಕೌಂಟಿ ಜೈಲಿನಲ್ಲೇ ಇಟ್ಟುಕೊಳ್ಳಿ ಎಂದರು. ಈಗ ವರ್ಷಗಟ್ಟಲೆ ಇರುವವರೂ ಅಲ್ಲಿದ್ದಾರೆ. ಸಕ್ಕರೆ ಕಾಯಿಲೆ, ಹಲ್ಲುನೋವು, ಮನಸ್ಸಿನ ಕಾಯಿಲೆ ಎಲ್ಲ ಅಲ್ಲೇ. ಕಟ್ಟಡ ಮಾತ್ರ ಹಳೆಯದೇ.

ರಾಜ್ಯದ ನಿಯಮದ ಪ್ರಕಾರ ಕಾವಲಿನವರು ಒಳಗಿರುವ ಪ್ರತಿಯೊಬ್ಬರನ್ನೂ ಕಣ್ಣಾರೆ ನೋಡಿ ಬರಬೇಕು. ಎರಡು ಸುತ್ತಿನ ನಡುವೆ 60 ನಿಮಿಷ ಮೀರಬಾರದು. ಅದೇ ನಿಯಮ ಇನ್ನೊಂದು ಮಾತೂ ಹೇಳುತ್ತದೆ: ಸುತ್ತಿನ ಹೊತ್ತು ಬದಲಾಗುತ್ತಿರಬೇಕು. ಯಾಕೆ ಅಂತ ಯೋಚಿಸಿ. ಗಂಟೆ ಹೊಡೆದ ಹಾಗೆ ಬರುತ್ತಾರೆ ಅಂತ ಗೊತ್ತಾದರೆ, ಕುಣಿಕೆ ಹಾಕಿಕೊಳ್ಳಬೇಕು ಅಂದುಕೊಂಡವನಿಗೆ 59 ನಿಮಿಷ ಸಿಗುತ್ತದೆ. ಅಂದರೆ 1:00, 2:00, 3:00 ನಿಜವಾಗಿದ್ದರೂ ತಪ್ಪು, ಸುಳ್ಳಾಗಿದ್ದರೆ ಇನ್ನೂ ದೊಡ್ಡ ತಪ್ಪು. ಉದ್ದನೆಯ ಮೊಗಸಾಲೆ, ಎರಡು ಮಹಡಿ, ಹತ್ತಾರು ಕೋಣೆ. ಎಲ್ಲವನ್ನೂ ನೋಡಿ ಬರಲು ಹದಿನೈದು ನಿಮಿಷವಾದರೂ ಬೇಕು. ಪುಸ್ತಕದಲ್ಲಿ ಶುರುವಾದದ್ದೂ 2:00, ಮುಗಿದದ್ದೂ 2:00.

ನಾವು ಮಾಡಿದ್ದು ತೀರಾ ಸರಳ ಕೆಲಸ. ಅದೇ ರಾತ್ರಿಗಳಲ್ಲಿ ಬಾಗಿಲು ತೆರೆದು ಮುಚ್ಚಿದ ಎಲೆಕ್ಟ್ರಾನಿಕ್ ದಾಖಲೆ ಕೇಳಿ ತರಿಸಿಕೊಂಡು, ಪಕ್ಕದಲ್ಲಿಟ್ಟು ಒಂದೊಂದೇ ಸಾಲು ಹೋಲಿಸಿದೆವು. ಎರಡೂ ಒಂದೇ ಕಥೆ ಹೇಳಲಿಲ್ಲ. ಎಷ್ಟು ಬೇರೆ ಅನ್ನುವುದು ರಿಪೋರ್ಟಿನಲ್ಲಿದೆ. ನನ್ನ ಪ್ರಕಾರ ಮೇಲ್ವಿಚಾರಣೆಯಲ್ಲಿ ಮುಕ್ಕಾಲು ಕೆಲಸ ಇದೇ: ಇಬ್ಬರು ಬೇರೆ ಬೇರೆ ಕಾರಣಕ್ಕೆ ಬರೆದಿಟ್ಟ ಎರಡು ಕಾಗದ ಹುಡುಕುವುದು. ದೊಡ್ಡವರ ಪವರ್‌ಪಾಯಿಂಟ್ ನೋಡಿ ಯಾರಿಗೂ ಏನೂ ಗೊತ್ತಾಗಿಲ್ಲ.

ನಾವು ನೋಡಿದ ಇನ್ನೊಂದು ವಿಷಯ, ಪ್ರಾಣಿ ಆಶ್ರಯದ್ದು, ಒಂದು ದೂರಿನಿಂದ ಶುರುವಾಯಿತು. ನಾಯಿ ಕಳೆದುಕೊಂಡವರು ಬರುವಷ್ಟರಲ್ಲಿ ನಾಯಿ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1998ರ ಕಾನೂನಿನ ಪ್ರಕಾರ ಸಿಕ್ಕ ನಾಯಿಯನ್ನು ಆರು ಕೆಲಸದ ದಿನ ಇಟ್ಟುಕೊಳ್ಳಬೇಕು. ವಾರದಲ್ಲೊಂದು ಸಂಜೆ 7ರವರೆಗೋ ವಾರಾಂತ್ಯದಲ್ಲೊಂದು ದಿನವೋ ತೆರೆದಿದ್ದರೆ ನಾಲ್ಕು ದಿನ ಸಾಕು. ತಂದ ದಿನ ಲೆಕ್ಕಕ್ಕಿಲ್ಲ. ಬಾಗಿಲು ಮುಚ್ಚಿದ ದಿನವೂ ಇಲ್ಲ. ಅಲ್ಲಿನ ಕಂಪ್ಯೂಟರ್ ಕ್ಯಾಲೆಂಡರಿನ ದಿನಗಳನ್ನೇ ಎಣಿಸುತ್ತಿತ್ತು, ತಂದ ದಿನವನ್ನೂ ಸೇರಿಸಿ! ಯಾರದ್ದೂ ಕೆಟ್ಟ ಉದ್ದೇಶವಿರಲಿಲ್ಲ. ಸಾಫ್ಟ್‌ವೇರ್ ಹಾಕಿದವನು ಒಂದು ಸೆಟ್ಟಿಂಗ್ ಹಾಗೇ ಬಿಟ್ಟಿದ್ದ, ಅಷ್ಟೇ. ಟೆಸ್ಟಿಂಗ್‌ನವಳಾಗಿ ನಾನು ಇಂಥದ್ದನ್ನು ನೂರು ಸಲ ನೋಡಿದ್ದೇನೆ. ಆಗ ತಪ್ಪಾಗುತ್ತಿದ್ದದ್ದು ಬಿಲ್ಲು, ಇಲ್ಲಿ ನಾಯಿ.

ಒಂದು ಮಾತು ಹೇಳಲೇಬೇಕು. ಎಷ್ಟು ಪ್ರಾಣಿ ಬಂದವು, ಎಷ್ಟು ಮನೆಗೆ ಹೋದವು, ಎಷ್ಟಕ್ಕೆ ದಯಾಮರಣ ಕೊಟ್ಟರು ಅಂತ ಆಶ್ರಯದವರು ಪ್ರತಿ ತಿಂಗಳು ಪ್ರಕಟಿಸುತ್ತಿದ್ದರು. ಜೈಲಿನವರು ಅಂಥದ್ದೇನೂ ಪ್ರಕಟಿಸುತ್ತಿರಲಿಲ್ಲ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ರಿಪೋರ್ಟ್ ಬರೆಯುವುದೇ ನಿಜವಾದ ಕಷ್ಟ. ಕೋಣೆಯಲ್ಲಿ ಯಾರು ಏನಂದರು ಅಂತ ಹೇಳುವಂತಿಲ್ಲ, ಆದರೆ ತರಬೇತಿಯಲ್ಲಿ ಕಲಿಸಿದ್ದು ಗುಟ್ಟಲ್ಲ. ಪ್ರತಿ ಶಿಫಾರಸಿಗೂ ಶೆರಿಫ್ 60 ದಿನದಲ್ಲಿ, ಬೋರ್ಡು 90 ದಿನದಲ್ಲಿ ಲಿಖಿತ ಉತ್ತರ ಕೊಡಬೇಕು. ಮಾಡಿದ್ದೇವೆ, ಮಾಡುತ್ತೇವೆ, ಇನ್ನೂ ಪರಿಶೀಲಿಸಬೇಕು, ಇಲ್ಲವೇ ಮಾಡುವುದಿಲ್ಲ. ಈ ನಾಲ್ಕರಲ್ಲಿ ಒಂದು. ನಮ್ಮ ಕೈಯಲ್ಲಿರುವ ಶಕ್ತಿ ಅಷ್ಟೇ, ಆ ಉತ್ತರ. ಆದ್ದರಿಂದ "ಸುತ್ತುಗಳ ಬಗ್ಗೆ ಶೆರಿಫ್ ಗಮನಹರಿಸಬೇಕು" ಅಂತ ಬರೆದರೆ "ಗಮನಹರಿಸಿದ್ದೇವೆ" ಅಂತ ಉತ್ತರ ಬರುತ್ತದೆ. ಸುಮ್ನೆ ಒಂದು ವರ್ಷ ಹೋಯಿತು. ಯಾರು, ಏನು, ಯಾವ ತಾರೀಕಿನೊಳಗೆ, ಮೂರೂ ಇರಬೇಕು. ನಾನು ಮೊದಲು ಬರೆದ ಕರಡಿನಲ್ಲಿ ವಿಶೇಷಣಗಳೇ ತುಂಬಿದ್ದವು. "ಆಘಾತಕಾರಿ" ಅಂತ ಎರಡು ಸಲ ಇತ್ತು. ಎರಡನ್ನೂ ನಾನೇ ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಹೀಗೆ: ಡಿಸೆಂಬರ್ 31ರೊಳಗೆ ಪ್ರತಿ ಕೋಣೆಯ ಬಳಿ ಸುತ್ತಿನ ಹೊತ್ತನ್ನು ತಾನಾಗಿ ದಾಖಲಿಸುವ ಸಾಧನ ಹಾಕಬೇಕು. ಒಣ ವಾಕ್ಯ. ಆದರೆ ಜಾರಿಕೊಳ್ಳಲು ಜಾಗವಿಲ್ಲ.

19ರಲ್ಲಿ ಕನಿಷ್ಠ 12 ವೋಟು ಬಿದ್ದರೆ ಮಾತ್ರ ರಿಪೋರ್ಟ್ ಹೊರಬೀಳುತ್ತದೆ. ಬಿತ್ತು. ಎಷ್ಟು ವೋಟು ಅಂತ ಕೇಳಬೇಡಿ.

ಉತ್ತರ ಬರುವಷ್ಟರಲ್ಲಿ ನಾವೆಲ್ಲ ಮನೆಯಲ್ಲಿದ್ದೆವು. ಈ ವ್ಯವಸ್ಥೆಯಲ್ಲಿ ನನಗೆ ಸಿಟ್ಟು ಬರಿಸುವುದು ಇದೇ: ಕೇಳಿದವರು ಉತ್ತರ ಬರುವ ಹೊತ್ತಿಗೆ ಇರುವುದಿಲ್ಲ. ನಾಯಿಗಳ ದಿನಲೆಕ್ಕಕ್ಕೆ "ಮಾಡಿದ್ದೇವೆ" ಎಂದರು. ಲಾಗ್‌ಬುಕ್‌ಗೆ "ಇನ್ನೂ ಪರಿಶೀಲಿಸಬೇಕು" ಎಂದರು. ಅದಕ್ಕೆ ಕಾನೂನು ಕೊಡುವ ಅವಕಾಶ ಆರು ತಿಂಗಳು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡೆ.

ಮುಂದಿನ ವರ್ಷದ ಜ್ಯೂರಿಯ ರಿಪೋರ್ಟ್ ಬಂದ ದಿನ ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಂದು ರಾತ್ರಿಯ ಸುತ್ತುಗಳ ಪಟ್ಟಿ ಅದರಲ್ಲಿತ್ತು: 1:07, 1:52, 2:41, 3:18. ಒಂದಕ್ಕೊಂದು ತಾಳವಿಲ್ಲದ ಅಂಕಿಗಳು. ನಮ್ಮವರನ್ನು ಕರೆದು ತೋರಿಸಿದೆ. "ಏನಿದು?" ಎಂದರು. ಅಚ್ಚಾಗಿತ್ತಲ್ಲ, ಕೂತು ಎಲ್ಲ ಹೇಳಿದೆ.