ಕ್ರಿಸ್ಮಸ್ ರಜೆಯಲ್ಲಿ ಬೆಂಗಳೂರು ಸುತ್ತೋದು ಹೀಗೆ

ಮೊದಲು ಕಾರು ಮನೇಲಿ ಬಿಡಿ. ಡಿಸೆಂಬರ್ ಕೊನೆ ವಾರ ಎಂ.ಜಿ. ರೋಡ್ ಸುತ್ತ ಪಾರ್ಕಿಂಗ್ ಹುಡುಕೋದರಲ್ಲೇ ಅರ್ಧ ದಿನ ಹೋಗುತ್ತದೆ, ಮೆಟ್ರೋ ಇದೆಯಲ್ಲ.

ಬೆಳಿಗ್ಗೆ ಬೇಗ ಸ್ವೆಟರ್ ಹಾಕಿಕೊಂಡು ಹಸಿರು ಮಾರ್ಗದಲ್ಲಿ ಲಾಲ್‌ಬಾಗ್‌ಗೆ ಹೋಗಿ. ಎಲ್ಲರೂ ಗಾಜಿನ ಮನೆ ಹತ್ತಿರ ಫೋಟೋ ತೆಗೆದು ವಾಪಸ್ ಬರುತ್ತಾರೆ, ನೀವು ಮಾತ್ರ ಕೆಂಪೇಗೌಡ ಗೋಪುರ ಇರೋ ಬಂಡೆ ಹತ್ತಿ, ಅದು ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಮಕ್ಕಳಿಗೆ ಹೇಳಿ, ನಂಬೋದಿಲ್ಲ ಬಿಡಿ.

ಮಧ್ಯಾಹ್ನ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಮೂರು ಗಂಟೆ ಇಟ್ಟುಕೊಳ್ಳಿ. ಸಣ್ಣ ಮಕ್ಕಳಿದ್ದರೆ ಇನ್ನೂ ಜಾಸ್ತಿ, ಡೈನೋಸಾರ್ ಮುಂದಿಂದ ಕದಲೋದೇ ಇಲ್ಲ. ಪಕ್ಕದಲ್ಲೇ ಕಬ್ಬನ್ ಪಾರ್ಕ್ ಇದೆ, ಕಾಲು ಚಾಚಿ ಕೂತುಕೊಳ್ಳಿ.

ಸಂಜೆ ವಿ.ವಿ. ಪುರಂ ತಿಂಡಿ ಬೀದಿ. ಹತ್ತಿರದ ಸ್ಟೇಷನ್ ನ್ಯಾಷನಲ್ ಕಾಲೇಜು. ಇದು ಅವರೆಕಾಯಿ ಕಾಲ, ದೋಸೆಗೂ ಅವರೆಕಾಳು, ಉಪ್ಪಿಟ್ಟಿಗೂ ಅವರೆಕಾಳು. ಒಂದು ಪ್ಲೇಟ್ ತಗೊಂಡು ನಾಲ್ಕು ಜನ ಹಂಚಿಕೊಳ್ಳಿ, ಆಗ ಐದಾರು ಥರ ತಿನ್ನಬಹುದು. ಮೊದಲ ಅಂಗಡಿಯಲ್ಲೇ ಹೊಟ್ಟೆ ತುಂಬಿಸಿಕೊಂಡ ಪೆದ್ದ ನಾನು! ಮನೆಗೂ ಒಂದೆರಡು ಕೆ.ಜಿ. ಸೊಗಡಿನ ಕಾಯಿ ತನ್ನಿ, ಕಾಳು ಹಿದುಕೋಕೆ ಮಕ್ಕಳನ್ನ ಕೂರಿಸಿ.

ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರೋಡ್? ಮಕ್ಕಳ ಜೊತೆಗಂತೂ ಬೇಡ. ಆ ನೂಕುನುಗ್ಗಲಲ್ಲಿ ಸುಮ್ನೆ ಯಾಕೆ, ಅಲ್ವಾ?